ನೈರುತ್ಯ ಮೂಲೆಯಿಂದ ಎಷ್ಟು ಹೆಜ್ಜೆ?

(ದ್ವಿತೀಯ ಪಿಯು ವಿದ್ಯಾರ್ಥಿಗಳು ಮತ್ತು ಅವರ ಮನೆಯವರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯ ಪ್ರಶ್ನೋತ್ತರವನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಪದವಿಯಲ್ಲಿ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಈ ಮೂರನ್ನೂ ಒಟ್ಟಿಗೆ ಓದುವುದರ ಬಗ್ಗೆ ಮಾತಾಡಿ ಎಂದು ಪ್ರಾಂಶುಪಾಲರು ಕರೆದಿದ್ದಾರೆ. ಬೆಂಗಳೂರಿನ ಕಾಲೇಜುಗಳಲ್ಲಿ ಇದಕ್ಕೆ ಇಎಂಎಸ್ ಅನ್ನುತ್ತಾರೆ. ನಾನು ಓದಿದ್ದು ಇದನ್ನೇ, ಈಗ ಪಾಠ ಮಾಡುವುದು ಸಂಖ್ಯಾಶಾಸ್ತ್ರ. ಕಾಲೇಜಿನ ಕೈಪಿಡಿಯಲ್ಲಿ ಇರುವುದನ್ನು ನೀವೇ ಓದಿಕೊಳ್ಳಬಹುದು. ನಾನು ನಮ್ಮಪ್ಪನ ರಾಗಿ ಹೊಲದಿಂದ ಶುರು ಮಾಡುತ್ತೇನೆ.

ನಾನಾಗ ಎರಡನೇ ವರ್ಷದ ಪದವಿಯಲ್ಲಿದ್ದೆ. ಡಿಸೆಂಬರ್ ತಿಂಗಳು, ರಾಗಿ ಕೊಯ್ಲಿಗೆ ಬಂದಿತ್ತು. ಬೆಳೆ ಕಟಾವು ಪ್ರಯೋಗಕ್ಕೆ, ಅಂದರೆ ಹೊಲದಲ್ಲಿ ಒಂದು ಚೌಕ ಗುರುತಿಸಿ ಅಷ್ಟನ್ನೇ ಕೊಯ್ದು ತೂಗಿ ಇಳುವರಿ ಅಂದಾಜು ಮಾಡುವುದಕ್ಕೆ, ನಮ್ಮ ಸರ್ವೆ ನಂಬರು ಬಂದಿದೆ ಎಂದು ಗ್ರಾಮ ಲೆಕ್ಕಿಗರು ಹಗ್ಗ, ನಾಲ್ಕು ಗೂಟ, ತಕ್ಕಡಿ ಹಿಡಿದು ಬಂದರು. ಬಂದವರೇ ಹೊಲದ ನೈರುತ್ಯ ಮೂಲೆಗೆ ಹೋಗಿ ನಿಂತು ಕಿಸೆಯಿಂದ ಚೀಟಿ ತೆಗೆದರು. ಅದರಲ್ಲಿದ್ದದ್ದು ಎರಡೇ ಸಂಖ್ಯೆ. ಉದ್ದಕ್ಕೆ ಇಷ್ಟು ಹೆಜ್ಜೆ, ಅಡ್ಡಕ್ಕೆ ಇಷ್ಟು ಹೆಜ್ಜೆ. ಎಣಿಸಿಕೊಂಡು ಹೋಗಿ ಗೂಟ ನೆಟ್ಟರೆ ಅದು ಬಂದು ಬಿದ್ದದ್ದು ಹುಣಸೆ ಮರದ ನೆರಳಿನಲ್ಲಿ. ಅಲ್ಲಿ ಪೈರು ಮೊಣಕಾಲುದ್ದವೂ ಬೆಳೆದಿರಲಿಲ್ಲ.

ಅಪ್ಪನಿಗೆ ಅವಮಾನವಾದಂತಾಯಿತು. "ಸ್ವಾಮಿ, ಅಲ್ಲೇನು ನೋಡ್ತೀರಿ, ಈ ಕಡೆ ಬನ್ನಿ. ತೆನೆ ಹೆಂಗೆ ತೂಗ್ತಾವೆ ನೋಡಿ" ಅಂದರು. ಪಕ್ಕದ ಹೊಲದ ದೊಡ್ಡಪ್ಪ ಅಪ್ಪನ ತೋಳು ಹಿಡಿದು, "ಸುಮ್ನಿರೋ, ಕಮ್ಮಿ ಬಂದ್ರೆ ವಿಮೆ ಬರುತ್ತೆ" ಅಂತ ಪಿಸುಗುಟ್ಟಿದರು. ಲೆಕ್ಕಿಗರು ತಲೆ ಎತ್ತದೆ ಹೇಳಿದರು: "ನಿಮ್ಮಿಬ್ಬರ ಮಾತನ್ನೂ ನಾನು ಕೇಳೋ ಹಾಗಿಲ್ಲ, ಯಜಮಾನ್ರೇ."

ಇಂಥ ಚೀಟಿಯ ಸಂಖ್ಯೆ ಬರುವ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕವನ್ನು, ಅಂದರೆ ಯಾವ ಕ್ರಮಕ್ಕೂ ಸಿಗದ ಅಂಕಿಗಳ ಪಟ್ಟಿಯನ್ನು, ನಾನು ಅದೇ ಸೆಮಿಸ್ಟರ್‌ನಲ್ಲಿ ಓದಿದ್ದೆ. ಐದು ಅಂಕದ ಪ್ರಶ್ನೆ ಎಂದಷ್ಟೇ ಗೊತ್ತಿತ್ತು. ಅದು ಯಾತಕ್ಕೆ ಬೇಕು ಅನ್ನುವುದು ಗೊತ್ತಾದದ್ದು ಆ ಹುಣಸೆ ಮರದ ಕೆಳಗೆ. ಅಪ್ಪನ ಹೆಮ್ಮೆ ಚೌಕವನ್ನು ಒಂದು ಕಡೆ ಎಳೆಯುತ್ತಿತ್ತು, ದೊಡ್ಡಪ್ಪನ ಕಷ್ಟ ಇನ್ನೊಂದು ಕಡೆ ಎಳೆಯುತ್ತಿತ್ತು. ಇಬ್ಬರೂ ಪ್ರಾಮಾಣಿಕರೇ. ಇಬ್ಬರ ಎಳೆತಕ್ಕೂ ಸಿಗದೆ ನಿಂತದ್ದು ಚೀಟಿಯಲ್ಲಿದ್ದ ಆ ಎರಡು ಸಂಖ್ಯೆ ಮಾತ್ರ.

ಮಕ್ಕಳೇ, ಈಗ ಒಂದು ಲೆಕ್ಕ ಮಾಡೋಣ, ಪೆನ್ನು ತೆಗೆಯಿರಿ. ಚೌಕ 5 ಮೀಟರ್ ಉದ್ದ, 5 ಮೀಟರ್ ಅಗಲ, ಅಂದರೆ 25 ಚದರ ಮೀಟರ್. ಒಂದು ಹೆಕ್ಟೇರ್ 10,000 ಚದರ ಮೀಟರ್. ಚೌಕದಲ್ಲಿ ಸಿಕ್ಕ ಕಾಳನ್ನು 400ರಿಂದ ಗುಣಿಸಿದರೆ ಹೆಕ್ಟೇರಿನ ಇಳುವರಿ. ತಕ್ಕಡಿಯಲ್ಲಿ 100 ಗ್ರಾಂ ತಪ್ಪಾದರೆ ಹೆಕ್ಟೇರಿಗೆ 40 ಕೆ.ಜಿ. ತಪ್ಪಾಗುತ್ತದೆ. ಹಗ್ಗದ ಮೇಲೆಯೇ ನಿಂತ ಪೈರನ್ನು ಒಳಗೆ ಸೇರಿಸಬೇಕೋ ಬಿಡಬೇಕೋ ಅನ್ನುವ ಸಣ್ಣ ಪ್ರಶ್ನೆ ಕೂಡ 400 ಪಟ್ಟು ಬೆಳೆಯುತ್ತದೆ. ಇದು ಇವತ್ತಿನ ಜಗಳವಲ್ಲ. 1940ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಪ್ರಶಾಂತಚಂದ್ರ ಮಹಾಲನೋಬಿಸ್ ಮತ್ತು ಪಿ.ವಿ. ಸುಖಾತ್ಮೆ ಇಬ್ಬರೂ ಚೌಕ ಎಷ್ಟು ದೊಡ್ಡದಿರಬೇಕು ಎಂದು ವಾದಿಸಿದವರು. ಚೌಕ ಸಣ್ಣದಾದಷ್ಟೂ ಅಂಚಿನ ಪೈರನ್ನು ಕೈ ತಾನಾಗಿ ಒಳಗೆ ಎಳೆದುಕೊಳ್ಳುತ್ತದೆ, ಇಳುವರಿ ಇರುವುದಕ್ಕಿಂತ ಹೆಚ್ಚು ಕಾಣುತ್ತದೆ ಎನ್ನುವುದು ಸುಖಾತ್ಮೆಯವರ ವಾದ.

ನಮ್ಮ ಕಾಲದಲ್ಲಿ ವಿಮೆಗೆ ಹೋಬಳಿ ಒಂದು ಘಟಕ, ಅಂದರೆ ಇಡೀ ಹೋಬಳಿಗೆ ಒಂದೇ ಸರಾಸರಿ ಇಳುವರಿಯ ಲೆಕ್ಕ. ಈಗಿನ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಒಂದು ಪಂಚಾಯಿತಿಗೆ ಕನಿಷ್ಠ ನಾಲ್ಕು ಪ್ರಯೋಗ. ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ 2%. ಹಿಂದಿನ ವರ್ಷಗಳ ಇಳುವರಿಯಿಂದ ಒಂದು ಮಿತಿ ಗೊತ್ತು ಮಾಡಿರುತ್ತಾರೆ. ಈ ವರ್ಷದ ಸರಾಸರಿ ಆ ಮಿತಿಗಿಂತ ಎಷ್ಟು ಪಾಲು ಕಡಿಮೆಯೋ, ವಿಮಾ ಮೊತ್ತದಲ್ಲಿ ಅಷ್ಟು ಪಾಲು ಪರಿಹಾರ.

ಉದಾಹರಣೆಗೆ ನಾಲ್ಕು ಚೌಕಗಳಲ್ಲಿ 3.1, 4.6, 2.4, 3.9 ಕೆ.ಜಿ. ಬಂತು ಅಂದುಕೊಳ್ಳಿ. ಸರಾಸರಿ 3.5. ಹೆಕ್ಟೇರಿಗೆ 1,400 ಕೆ.ಜಿ. ಮಿತಿ 1,600 ಇದ್ದರೆ ಕೊರತೆ 200, ಅಂದರೆ 12.5%. ಪರಿಹಾರವೂ 12.5%. ಇಷ್ಟನ್ನು ಏಳನೇ ತರಗತಿಯ ಮಗುವೂ ಮಾಡುತ್ತದೆ. ಪದವಿಯ ಓದು ಶುರುವಾಗುವುದು ಇಲ್ಲಿಂದ ಮುಂದೆ. ನಾಲ್ಕು ಹೊಲ ನೋಡಿ ಇಡೀ ಪಂಚಾಯಿತಿಯ ಬಗ್ಗೆ ಮಾತಾಡಿದೆವಲ್ಲ, ಆ 1,400ನ್ನು ಎಷ್ಟು ನಂಬಬಹುದು?

ಸರಾಸರಿಯಿಂದ ಒಂದೊಂದು ಚೌಕ ಎಷ್ಟು ದೂರ ಇದೆ ನೋಡಿ, ವರ್ಗ ಮಾಡಿ, ಕೂಡಿ: 2.74. ಮೂರರಿಂದ ಭಾಗಿಸಿ ವರ್ಗಮೂಲ ತೆಗೆದರೆ ಮಾನಕ ವಿಚಲನೆ ಸುಮಾರು 0.96. ಅದನ್ನು ನಾಲ್ಕರ ವರ್ಗಮೂಲದಿಂದ ಭಾಗಿಸಿದರೆ 0.48. ಹೆಕ್ಟೇರಿಗೆ ತಂದರೆ ಸುಮಾರು 190 ಕೆ.ಜಿ. ಇದಕ್ಕೆ ಮಾನಕ ದೋಷ ಅನ್ನುತ್ತೇವೆ. ಕೊರತೆ 200, ಅಂದಾಜಿನ ಮಾನಕ ದೋಷವೇ 190! 95% ವಿಶ್ವಾಸದ ಅಂತರ, ಅಂದರೆ ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ, ಕಟ್ಟಿದರೆ 1,400ರ ಆಚೆ ಈಚೆ 600 ಕೆ.ಜಿ.ಯಷ್ಟು ಅಗಲವಾಗುತ್ತದೆ. ಬೇರೆ ನಾಲ್ಕು ಚೀಟಿ ಎತ್ತಿದ್ದರೆ ಅದೇ ಊರಿಗೆ, ಅದೇ ಬರಕ್ಕೆ, ಪರಿಹಾರ ಸೊನ್ನೆಯಾಗಬಹುದಿತ್ತು, ದುಪ್ಪಟ್ಟೂ ಆಗಬಹುದಿತ್ತು.

ಈ ಲೆಕ್ಕವನ್ನು ಮೊದಲ ಸಲ ನಾನೇ ಕೈಯಾರೆ ಮಾಡಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮೂರಿನವರ ಒಂದು ವರ್ಷದ ಬದುಕು ಆ 190ರೊಳಗೆ ಕೂತಿದೆ, ಅದನ್ನು ಯಾರೂ ಅವರಿಗೆ ಹೇಳಿಲ್ಲ ಅನ್ನಿಸಿತು.

ಹಾಗಾದರೆ ಹೆಚ್ಚು ಹೊಲ ನೋಡಿ ಅನ್ನುತ್ತೀರಿ. ದೋಷವನ್ನು ಅರ್ಧಕ್ಕೆ ಇಳಿಸಬೇಕಾದರೆ 4 ಹೊಲ ಸಾಲದು, 16 ಬೇಕು. ವರ್ಗಮೂಲದ ನಿಯಮ ಅದು. ಒಂದೊಂದು ಚೌಕವನ್ನೂ ಕೊಯ್ದು, ಬಡಿದು, ತೂರಿ, ತೂಗಿ ಬರೆಯುವಷ್ಟರಲ್ಲಿ ಒಬ್ಬ ನೌಕರನ ಅರ್ಧ ದಿನ ಹೋಗುತ್ತದೆ. ಸರ್ಕಾರದ ಹತ್ತಿರ ಇರುವ ಜನ ಇಷ್ಟೇ, ದುಡ್ಡು ಇಷ್ಟೇ. ಯಾವ ಪಂಚಾಯಿತಿಗೆ ಎಷ್ಟು ಹೊಲ ಹಂಚಬೇಕು? ಇದು ಅರ್ಥಶಾಸ್ತ್ರದ ಮೊದಲ ಪಾಠದ ಪ್ರಶ್ನೆ: ಇರುವುದು ಕಡಿಮೆ, ಬೇಕಿರುವುದು ಹೆಚ್ಚು. ಅದನ್ನು ಬಿಡಿಸುವ ಸಾಧನ ಗಣಿತದಿಂದ ಬರುತ್ತದೆ. ಎರಡನೇ ವರ್ಷದಲ್ಲಿ ಲಗ್ರಾಂಜ್ ಗುಣಕ ಎಂದು ಓದುತ್ತೀರಿ. ಅದನ್ನು ಹಾಕಿದರೆ ಬರುವ ಉತ್ತರ: ಬೆಳೆ ಏರುಪೇರಾಗಿರುವ ಕಡೆ ಹೆಚ್ಚು ಹೊಲ, ಹೋಗಿ ಬರುವ ಖರ್ಚು ಹೆಚ್ಚಿರುವ ಕಡೆ ಕಡಿಮೆ ಹೊಲ. ಖರ್ಚಿನ ಮಾತು ಬಿಟ್ಟು ನೋಡಿದರೆ ಇದು ಸಂಖ್ಯಾಶಾಸ್ತ್ರಜ್ಞ ಜೆರ್ಜಿ ನೇಮನ್ 1934ರಲ್ಲಿ ತೋರಿಸಿಕೊಟ್ಟ ಹಂಚಿಕೆಯೇ. ಲಗ್ರಾಂಜ್ ಗುಣಕದ ಬೆಲೆಯೂ ಏನನ್ನೋ ಹೇಳುತ್ತದೆ: ಇನ್ನೊಂದು ರೂಪಾಯಿ ಹೆಚ್ಚು ಕೊಟ್ಟರೆ ಅನಿಶ್ಚಿತತೆ ಎಷ್ಟು ಇಳಿಯುತ್ತದೆ ಎಂದು.

ನೋಡಿ, ಒಂದೇ ರಾಗಿ ಹೊಲದಲ್ಲಿ ಮೂರು ವಿಷಯವೂ ಬಂದುಹೋದವು. ಎಲ್ಲಿ ಅರ್ಥಶಾಸ್ತ್ರ ಮುಗಿದು ಗಣಿತ ಶುರುವಾಯಿತು ಎಂದು ಗೆರೆ ಎಳೆಯಲು ನನಗಂತೂ ಬರುವುದಿಲ್ಲ.

ಸಂಖ್ಯಾಶಾಸ್ತ್ರದ ಮಾತು ಬಂದ ಮೇಲೆ ನಮ್ಮ ನೆಲದಲ್ಲೇ ಹುಟ್ಟಿದ ಒಬ್ಬರನ್ನು ನೆನೆಯದೆ ಮುಂದೆ ಹೋಗಲಾರೆ. ಸಿ.ಆರ್. ರಾವ್ ಹುಟ್ಟಿದ್ದು 1920ರ ಸೆಪ್ಟೆಂಬರ್ 10ರಂದು ಹೂವಿನ ಹಡಗಲಿಯಲ್ಲಿ. ತೆಲುಗು ಮನೆಮಾತಿನ ಕುಟುಂಬ, ಓದಿದ್ದು ಆಂಧ್ರದಲ್ಲಿ, ಆಮೇಲೆ ಕಲ್ಕತ್ತಾದಲ್ಲಿ. ಎಂ.ಎ. ಮುಗಿಸಿ ಅಲ್ಲೇ ಪಾಠ ಮಾಡುತ್ತಿದ್ದ ಹುಡುಗ. ಒಂದು ದಿನ ತರಗತಿಯಲ್ಲಿ ಅವರು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಷರ್ ಅವರ ಒಂದು ಫಲಿತಾಂಶ ವಿವರಿಸುತ್ತಿದ್ದರು. ಅದು ಬಹಳ ದೊಡ್ಡ ಮಾದರಿಗೆ, ಅಂದರೆ ಆಯ್ದು ನೋಡಿದ್ದು ಬಹಳ ಇದ್ದಾಗ, ಅನ್ವಯಿಸುವ ಮಾತು. ಒಬ್ಬ ವಿದ್ಯಾರ್ಥಿ ಎದ್ದು ಕೇಳಿದ: ಸಣ್ಣ ಮಾದರಿಗೆ ಇಂಥದ್ದನ್ನು ಸಾಧಿಸಲಾಗದೇ? ರಾವ್ ಅವರಿಗೆ ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ರಾತ್ರಿಯಿಡೀ ಕೂತು ಬಿಡಿಸಿದರು, ಮುಂದಿನ ತರಗತಿಗೆ ಗಣಿತದ ಪುರಾವೆಯೊಂದಿಗೆ ಬಂದರು. 1945ರಲ್ಲಿ ಅದು ಪ್ರಕಟವಾಯಿತು. ಸ್ವೀಡನ್ನಿನ ಹರಾಲ್ಡ್ ಕ್ರಮೇರ್ ಬೇರೆಯಾಗಿಯೇ ಅದನ್ನು ಕಂಡುಕೊಂಡಿದ್ದರಿಂದ ಇವತ್ತು ಜಗತ್ತು ಅದನ್ನು ಕ್ರಮೇರ್–ರಾವ್ ಅಸಮಾನತೆ ಎಂದು ಕರೆಯುತ್ತದೆ. ನಮ್ಮ ಹೊಲದ ಮಾತಿನಲ್ಲಿ ಹೇಳುವುದಾದರೆ: ಕೈಯಲ್ಲಿರುವ ದತ್ತಾಂಶ ಇಷ್ಟೇ ಆದರೆ, ಪಕ್ಷಪಾತವಿಲ್ಲದ ಯಾವ ಸೂತ್ರ ತಂದರೂ ಅಂದಾಜಿನ ಏರುಪೇರು ಇದಕ್ಕಿಂತ ಕೆಳಗೆ ಇಳಿಯಲಾರದು ಎಂಬ ತಳಮಟ್ಟ.

ಆ ಪ್ರಶ್ನೆ ಕೇಳಿದ ವಿದ್ಯಾರ್ಥಿ ಯಾರು ಗೊತ್ತೇ? ವಿ.ಎಂ. ದಾಂಡೇಕರ್. ಮುಂದೆ ಪುಣೆಯ ಗೋಖಲೆ ಸಂಸ್ಥೆಯಲ್ಲಿದ್ದು ದೊಡ್ಡ ಅರ್ಥಶಾಸ್ತ್ರಜ್ಞರಾದವರು. 1971ರಲ್ಲಿ ನೀಲಕಂಠ ರಥ್ ಜೊತೆಗೂಡಿ ಭಾರತದ ಬಡತನವನ್ನು ಅಳೆದವರು. ದಿನಕ್ಕೆ 2,250 ಕ್ಯಾಲೊರಿ ಆಹಾರ ಸಿಗಲು ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ ಎಷ್ಟು ಬೇಕು ಎಂದು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳಿಂದ ಲೆಕ್ಕ ಹಾಕಿ, 1960-61ರ ಬೆಲೆಯಲ್ಲಿ 15 ರೂಪಾಯಿ ಎಂದರು. ಸಣ್ಣ ಮಾದರಿಯ ಪ್ರಶ್ನೆ ಕೇಳಿದ ಮನುಷ್ಯನೇ ಹಸಿವಿನ ಲೆಕ್ಕವನ್ನೂ ಹಾಕಿದ್ದು ನನಗೆ ಆಕಸ್ಮಿಕ ಎನ್ನಿಸುವುದಿಲ್ಲ. ಸಿ.ಆರ್. ರಾವ್ 102 ವರ್ಷ ಬಾಳಿದರು. ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಬಂದ 2023ರಲ್ಲೇ ತೀರಿಕೊಂಡರು. ಹೂವಿನ ಹಡಗಲಿಯ ಕಡೆಯ ಮಕ್ಕಳು ಇಲ್ಲಿ ಯಾರಾದರೂ ಇದ್ದರೆ ನಿಮ್ಮೂರಿನ ಈ ಹೆಸರನ್ನು ಮನೆಯಲ್ಲಿ ಹೇಳಿ.

ಇನ್ನೊಂದು ಉದಾಹರಣೆ, ಕೋಲಾರದ ಟೊಮೆಟೊದ್ದು. ಬೆಳೆ ಚೆನ್ನಾಗಿ ಬಂದ ವರ್ಷವೇ ರೈತ ಬಾಕ್ಸುಗಳನ್ನು ರಸ್ತೆಗೆ ಸುರಿಯುವುದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಪಿಯು ಅರ್ಥಶಾಸ್ತ್ರದಲ್ಲಿ ಬೇಡಿಕೆಯ ಸ್ಥಿತಿಸ್ಥಾಪಕತ್ವ ಎಂದು ಓದಿದ್ದೀರಲ್ಲ, ಬೆಲೆ ಬದಲಾದರೆ ಜನ ಕೊಳ್ಳುವುದು ಎಷ್ಟು ಬದಲಾಗುತ್ತದೆ ಅನ್ನುವುದು, ಅದೇ. ಲೆಕ್ಕಕ್ಕೆ ಸುಲಭವಾಗಲಿ ಎಂದು ಇಡೀ ಮಾರುಕಟ್ಟೆಯನ್ನು 100 ಬಾಕ್ಸಿಗೆ ಇಳಿಸೋಣ, ಬಾಕ್ಸಿಗೆ 200 ರೂಪಾಯಿ. ಒಟ್ಟು 20,000. ಸ್ಥಿತಿಸ್ಥಾಪಕತ್ವ 0.5 ಎಂದಿಟ್ಟುಕೊಳ್ಳಿ, ಅಂದರೆ ಬೆಲೆ 1% ಇಳಿದರೆ ಬೇಡಿಕೆ ಅರ್ಧ ಶೇಕಡಾ ಏರುತ್ತದೆ. ಈ ವರ್ಷ 120 ಬಾಕ್ಸ್ ಬಂತು. ಪುಸ್ತಕದ ಶೇಕಡಾವಾರು ಸೂತ್ರ ಹಾಕಿದರೆ ಬೆಲೆ 40% ಬೀಳಬೇಕು: 120 ರೂಪಾಯಿ, ಒಟ್ಟು 14,400. ಆದರೆ ಆ ಸೂತ್ರ ಹೊಂದುವುದು ಬದಲಾವಣೆ ತೀರ ಸಣ್ಣದಿದ್ದಾಗ. ಸ್ಥಿತಿಸ್ಥಾಪಕತ್ವ ದಾರಿಯುದ್ದಕ್ಕೂ 0.5 ಇರುತ್ತದೆ ಎಂದು ಕಲನಶಾಸ್ತ್ರದಿಂದ ಬಿಡಿಸಿದರೆ ಬೆಲೆ ಸುಮಾರು 139 ರೂಪಾಯಿ, ಒಟ್ಟು ಸುಮಾರು 16,667. ಒಂದೇ ಪಾಠ, ಎರಡು ಉತ್ತರ, ನಡುವೆ 2,000 ರೂಪಾಯಿಗೂ ಮಿಕ್ಕಿದ ವ್ಯತ್ಯಾಸ. ಗಣಿತ ಬೇಡ, ಅರ್ಥಶಾಸ್ತ್ರ ಮಾತ್ರ ಸಾಕು ಅನ್ನುವ ಮಕ್ಕಳಿಗೆ ನಾನು ಈ ಲೆಕ್ಕ ತೋರಿಸುತ್ತೇನೆ.

ಸರಿ, ಆ 0.5 ಎಲ್ಲಿಂದ ಬಂತು? ಎಪಿಎಂಸಿಯ ಹತ್ತು ವರ್ಷದ ಆವಕ ಮತ್ತು ಧಾರಣೆ ತಂದು ಗ್ರಾಫ್ ಹಾಳೆಯ ಮೇಲೆ ಚುಕ್ಕಿ ಇಟ್ಟು ಗೆರೆ ಎಳೆದುಬಿಡಬಹುದೇ? ಎಳೆದರೆ ಅದು ಬೇಡಿಕೆಯ ಗೆರೆಯೂ ಆಗಿರುವುದಿಲ್ಲ, ಪೂರೈಕೆಯ ಗೆರೆಯೂ ಆಗಿರುವುದಿಲ್ಲ. ಹಬ್ಬದ ತಿಂಗಳಲ್ಲಿ ಬೇಡಿಕೆ ಏರಿ ಬೆಲೆ ಏರಿದ ಚುಕ್ಕಿ, ಮಳೆ ಕೆಟ್ಟು ಆವಕ ಇಳಿದು ಬೆಲೆ ಏರಿದ ಚುಕ್ಕಿ, ಎರಡೂ ಒಂದೇ ಹಾಳೆಯಲ್ಲಿ ಕಲಸಿಹೋಗಿರುತ್ತವೆ. ಬೇರ್ಪಡಿಸುವ ಉಪಾಯವನ್ನು 1928ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಫಿಲಿಪ್ ರೈಟ್ ಅಗಸೆ ಬೀಜದ ಮಾರುಕಟ್ಟೆಯನ್ನು ಇಟ್ಟುಕೊಂಡು ತೋರಿಸಿದರು. ಪೂರೈಕೆಯನ್ನು ಮಾತ್ರ ಅಲುಗಿಸುವ, ಬೇಡಿಕೆಯನ್ನು ಮುಟ್ಟದ ಒಂದು ಸಂಗತಿಯನ್ನು ಹುಡುಕಬೇಕು. ಕೋಲಾರದ ಹೊಲದಲ್ಲಿ ಬಿದ್ದ ಮಳೆ ಚೆನ್ನೈನ ಅಡುಗೆಮನೆಯ ಸಾರಿನ ರುಚಿಯನ್ನು ಬದಲಿಸುವುದಿಲ್ಲ. ಮಳೆಯಿಂದಾಗಿ ಆವಕ ಕುಗ್ಗಿದಾಗ ಬೆಲೆ ಎಷ್ಟು ಏರಿತು ಎಂದು ನೋಡಿದರೆ ಬೇಡಿಕೆಯ ಗೆರೆ ಕಾಣುತ್ತದೆ. ಮೂರನೇ ವರ್ಷದ ಇಕನಾಮೆಟ್ರಿಕ್ಸ್ ಪತ್ರಿಕೆಯ ತಿರುಳು ಇದು. ಯಾವ ಸಂಗತಿ ಹೊಂದುತ್ತದೆ ಎಂದು ಹೇಳಲು ಮಾರುಕಟ್ಟೆ ಗೊತ್ತಿರಬೇಕು, ಗೆರೆ ಹೊಂದಿಸಲು ಸಂಖ್ಯಾಶಾಸ್ತ್ರ ಗೊತ್ತಿರಬೇಕು, ಅದು ಸರಿಯೆಂದು ಸಾಧಿಸಲು ಮ್ಯಾಟ್ರಿಕ್ಸ್ ಗೊತ್ತಿರಬೇಕು.

ಈಗ ಕೆಲವು ನೇರ ಮಾತು. ಈ ಓದು ಕಷ್ಟ. ಮೊದಲ ಸೆಮಿಸ್ಟರ್‌ನಲ್ಲಿ ಮೂರೂ ಮೂರು ದಿಕ್ಕಿಗೆ ಹೋಗುತ್ತವೆ. ಗಣಿತದ ಮೇಷ್ಟ್ರು ಎಪ್ಸಿಲಾನ್–ಡೆಲ್ಟಾ ಹಿಡಿದಿರುತ್ತಾರೆ, ಅರ್ಥಶಾಸ್ತ್ರದಲ್ಲಿ ಅನಾಸಕ್ತಿ ರೇಖೆ ನಡೆದಿರುತ್ತದೆ, ಸಂಖ್ಯಾಶಾಸ್ತ್ರದಲ್ಲಿ ಸರಾಸರಿ, ಮಧ್ಯಾಂಕ. ಒಂದಕ್ಕೊಂದು ಏನು ಸಂಬಂಧ ಎಂದು ಯಾರೂ ಹೇಳುವುದಿಲ್ಲ. ನಾನು ಪಾಠ ಮಾಡಿದ ಒಂದು ಕಾಲೇಜಿನಲ್ಲಿ ಮೂರು ವಿಭಾಗದವರೂ ಒಂದು ದಿನವೂ ಒಟ್ಟಿಗೆ ಕೂತು ಪಠ್ಯ ನೋಡಲಿಲ್ಲ. ಮಕ್ಕಳು ಕಡಿಮೆಯಾಗುತ್ತಾ ಹೋಗಿ ಕೊನೆಗೆ ಆ ಕಾಂಬಿನೇಷನ್ನನ್ನೇ ನಿಲ್ಲಿಸಿದರು. ಆ ನೋವು ನನಗೆ ಇನ್ನೂ ಇದೆ. ಆದ್ದರಿಂದ ಜೋಡಿಸುವ ಕೆಲಸವನ್ನು ನೀವೇ ಮಾಡಿಕೊಳ್ಳಿ. ನಿಷ್ಪನ್ನ (ಡೆರಿವೇಟಿವ್) ಎಂದರೆ ಅಂಚಿನ ವೆಚ್ಚ, ಸಮಾಕಲನ ಎಂದರೆ ಗ್ರಾಹಕನ ಮಿಗತೆ, ನಿರೀಕ್ಷಿತ ಮೌಲ್ಯ ಎಂದರೆ ವಿಮೆಯ ಕಂತು. ಪ್ರತಿ ಪಾಠಕ್ಕೂ ಬೇರೆ ಎರಡು ವಿಷಯದಲ್ಲಿ ಅದರ ಬಂಧು ಯಾರು ಎಂದು ಪುಸ್ತಕದ ಅಂಚಿನಲ್ಲಿ ಬರೆದಿಡಿ.

ಸಂಖ್ಯಾಶಾಸ್ತ್ರವನ್ನು ಅಂಕ ತರುವ ವಿಷಯವೆಂದು ಮಾತ್ರ ತೆಗೆದುಕೊಳ್ಳಬೇಡಿ. ಮೊದಲು ಕೈಯಲ್ಲಿ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ. ಆರ್ ಎಂಬ ತಂತ್ರಾಂಶ ಉಚಿತ. ಮಾದರಿ ಸಮೀಕ್ಷೆಗಳ ಮನೆಮಟ್ಟದ ದತ್ತಾಂಶವನ್ನು ಕೇಂದ್ರ ಸಾಂಖ್ಯಿಕ ಸಚಿವಾಲಯದ ಜಾಲತಾಣದಿಂದ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಮನೆಬಳಕೆ ವೆಚ್ಚದ ಸಮೀಕ್ಷೆ 2011-12ರ ನಂತರ ನಮ್ಮ ಕೈಗೆ ಬಂದದ್ದು 2022-23ರದ್ದು. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಅಂಕಿಗಳು ಇಲ್ಲದ ಕಾಲದಲ್ಲಿ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಅಂಕಿ ಓದಬಲ್ಲ ಮಕ್ಕಳು ಹಳ್ಳಿಗಳಿಂದ ಬರಬೇಕು ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ಕೋರ್ಸಿನ ರಚನೆಯ ಬಗ್ಗೆ ಒಂದು ಮಾತು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಯಾದಾಗ ನಮ್ಮ ರಾಜ್ಯದಲ್ಲಿ ಪದವಿಗೆ ಎರಡು ಮುಖ್ಯ ವಿಷಯ ಎಂದಾಯಿತು. ಮೂರರ ಈ ಕೂಟಕ್ಕೆ ಪೆಟ್ಟು ಬಿತ್ತು. 2024-25ರಿಂದ ಮತ್ತೆ ಮೂರು ವರ್ಷ, ಮೂರು ವಿಷಯದ ಪದ್ಧತಿ ಬಂದಿದೆ. ನಿಮ್ಮ ಹತ್ತಿರದ ಕಾಲೇಜಿನಲ್ಲಿ ಈ ಮೂರೂ ಒಟ್ಟಿಗೆ ಇವೆಯೇ ಎಂದು ಹೋಗಿ ವಿಚಾರಿಸಿ, ಇಲ್ಲದಿದ್ದರೆ ಕೇಳಿ. ಕೇಳುವವರು ಹೆಚ್ಚಿದ್ದರೆ ತೆರೆಯಲೂಬಹುದು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಂದೆ ಎದ್ದು ನಿಂತರು. "ಮೇಡಂ, ನೀವು ಹೇಳಿದ್ದೆಲ್ಲ ಚೆನ್ನಾಗೈತೆ. ಇದನ್ನ ಓದಿದ್ರೆ ಕೆಲಸ ಸಿಗ್ತದಾ?"

ಕೇಳಬೇಕಾದ ಪ್ರಶ್ನೆಯೇ. ಯುಪಿಎಸ್‌ಸಿ ನಡೆಸುವ ಭಾರತೀಯ ಸಾಂಖ್ಯಿಕ ಸೇವೆಯ ಪರೀಕ್ಷೆಗೆ ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಓದಿದ್ದರೆ ಸಾಕು, 21 ವರ್ಷ ತುಂಬಿರಬೇಕು. ಭಾರತೀಯ ಆರ್ಥಿಕ ಸೇವೆಗೆ ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಎರಡೂ ಸೇವೆ 1961ರಲ್ಲಿ ಶುರುವಾದವು. ನಮ್ಮ ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಇದೆ, ಬೆಳೆ ಕಟಾವು ಪ್ರಯೋಗದ ಲೆಕ್ಕ ಬಂದು ಸೇರುವುದು ಅಲ್ಲಿಗೇ. ರಿಸರ್ವ್ ಬ್ಯಾಂಕಿನಲ್ಲಿ ಅರ್ಥಶಾಸ್ತ್ರದವರಿಗೂ ಸಂಖ್ಯಾಶಾಸ್ತ್ರದವರಿಗೂ ಬೇರೆ ಬೇರೆ ನೇಮಕಾತಿ ಇದೆ, ಅದಕ್ಕೆ ಎಂ.ಎ., ಎಂ.ಎಸ್ಸಿ. ಮಾಡಿರಬೇಕು. ವಿಮಾ ಕಂಪನಿಗಳಲ್ಲಿ ಅಪಾಯವನ್ನೂ ಕಂತನ್ನೂ ಲೆಕ್ಕ ಹಾಕುವ ಆಕ್ಚುಯರಿ ಎಂಬ ಕೆಲಸ ಇದೆ, ಪರೀಕ್ಷೆಗಳ ದೊಡ್ಡ ಸಾಲನ್ನೇ ದಾಟಬೇಕು, ದಾಟಿದವರಿಗೆ ಬೇಡಿಕೆ ಇದೆ. ಓದು ಮುಂದುವರಿಸುವವರಿಗೆ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಎಂ.ಸ್ಟ್ಯಾಟ್., ಎಂ.ಎಸ್ಸಿ. ಪ್ರವೇಶಕ್ಕೆ ಐಐಟಿಗಳ ಜಾಮ್ ಪರೀಕ್ಷೆ, ಸಂಶೋಧನೆಗೆ ಬೆಂಗಳೂರಿನ ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆ). ಐಸೆಕ್ ಕಟ್ಟಿದ ವಿ.ಕೆ.ಆರ್.ವಿ. ರಾವ್ ಬಳ್ಳಾರಿಯಿಂದ ಸಂಸದರಾಗಿದ್ದವರು, 1930ರ ದಶಕದಲ್ಲೇ ಭಾರತದ ರಾಷ್ಟ್ರೀಯ ವರಮಾನವನ್ನು ಲೆಕ್ಕ ಹಾಕಿದವರು. ಯಜಮಾನರೇ, ಮೂರು ವರ್ಷ ಮುಗಿದ ಮಾರನೆಯ ದಿನವೇ ಕೆಲಸ ಎಂದು ನಾನು ಮಾತು ಕೊಡಲಾರೆ. ಹೆಚ್ಚಿನವರು ಇನ್ನೆರಡು ವರ್ಷ ಓದಬೇಕಾಗುತ್ತದೆ. ಅದನ್ನು ಈಗಲೇ ಮನೆಯಲ್ಲಿ ಕೂತು ಮಾತಾಡಿಕೊಳ್ಳಿ.

ಕೊನೆಗೆ, ಎಲ್ಲರೂ ಎದ್ದು ಹೋಗುವಾಗ ಒಬ್ಬ ಹುಡುಗಿ ಬಂದಳು. "ಮೇಡಂ, ನಂದು ಎಸ್‌ಇಬಿಎ. ಸ್ಟ್ಯಾಟ್ಸ್, ಇಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟ್ಸ್. ಗಣಿತ ಇಲ್ಲ. ಹತ್ತನೇ ಕ್ಲಾಸಲ್ಲಿ ತೊಂಬತ್ತೆರಡು ಬಂದಿತ್ತು, ಆದ್ರೂ ಕಾಮರ್ಸಿಗೆ ಯಾಕೆ ಅಂತ ಬಿಡಿಸಿದ್ರು. ನನಗಾಗುತ್ತಾ?"

ಹೆಚ್ಚಿನ ಕಡೆ ಪದವಿಯಲ್ಲಿ ಗಣಿತ ತೆಗೆದುಕೊಳ್ಳಲು ಪಿಯುನಲ್ಲಿ ಗಣಿತ ಓದಿರಬೇಕು ಎಂದು ಕೇಳುತ್ತಾರೆ. ಅದನ್ನು ಅವಳಿಂದ ಮುಚ್ಚಿಡಲಿಲ್ಲ. ಆದರೆ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ ಎರಡನ್ನಾದರೂ ಕೊಡುವ ಕಾಲೇಜನ್ನು ಹುಡುಕಬಹುದು, ಗಣಿತವನ್ನು ಪಕ್ಕದಲ್ಲಿ ತಾನೇ ಕಲಿಯುತ್ತಾ ಹೋಗಬಹುದು ಎಂದೆ. ಪ್ರಥಮ ಪಿಯು ಗಣಿತ ಪುಸ್ತಕ ತಗೋ, ಗಣಗಳು, ಉತ್ಪನ್ನಗಳು (ಫಂಕ್ಷನ್), ಮಿತಿ ಮತ್ತು ನಿಷ್ಪನ್ನ, ಇಷ್ಟನ್ನು ಮೊದಲು ನೋಡು ಎಂದು ಅವಳ ನೋಟ್ ಪುಸ್ತಕದಲ್ಲಿ ಬರೆದುಕೊಟ್ಟೆ. ಆಮೇಲೆ ಕೇಳಿದೆ, "ನಿಮ್ಮ ಮನೇಲಿ ಹೊಲ ಇದೆಯೇನಮ್ಮಾ?"

"ಐತೆ ಮೇಡಂ, ರಾಗಿ. ಇನ್ನೊಂದು ವಾರಕ್ಕೆ ಕೊಯ್ಲು."

"ಹಂಗಾದ್ರೆ ಹಗ್ಗ, ನಾಲ್ಕು ಗೂಟ, ತಕ್ಕಡಿ ಹೊಂದಿಸಿಕೋ. ಮೂಲೆಯಿಂದ ಎಷ್ಟು ಹೆಜ್ಜೆ ಅಂತ ಚೀಟಿ ಎತ್ತು. ನಾಲ್ಕು ಜಾಗ ತೂಗಿ ಬರೆದುಕೊಂಡು ಭಾನುವಾರ ಮನೆಗೆ ಬಾ."